ಮಿಲ್ಲಿನ ಹಿಂದಿನ ಕಾಲುವೆ

ಹೋದ ವಾರ ನಮ್ಮ ಬೀದಿಗೆ ಟಾರು ಹಾಕಿದರು. ಬಿಸಿ ಟಾರಿನ ವಾಸನೆಗೆ ಎಲ್ಲರೂ ಕಿಟಕಿ ಮುಚ್ಚಿಕೊಂಡರೆ ನಾನು ತೆರೆದಿಟ್ಟು ನಿಂತೆ. ತಳಕ್ಕೆ ಟಾರು ಬಳಿದ ದುಂಡು ತೆಪ್ಪವೊಂದರಲ್ಲಿ, ಪಕ್ಕದ ಮನೆಯ ಅಕ್ಕನ ಜೊತೆ ಹೊಸೂರಿನ ಕಾರ್ಖಾನೆಗಳ ಹಿತ್ತಲು ನೋಡುತ್ತ ಹೋದ ಆ ಬೆಳಿಗ್ಗೆ...

ಎರಡು ಸಾವಿರದ ಐದೋ ಆರೋ ಇರಬೇಕು. ಗಂಡನಿಗೆ ಇಲ್ಲಿ ಕೆಲಸ ಸಿಕ್ಕಿ ನಾವು ಕೋಲಾರದ ಕಡೆಯಿಂದ ಬಂದಿದ್ದೆವು. ಅಕ್ಕ ಊರಂಚಿನ ನೂಲಿನ ಮಿಲ್ಲಿನಲ್ಲಿ ಹರೆಯದಿಂದಲೂ ದುಡಿದವರು. ಮಿಲ್ಲು ಮುಚ್ಚಿ ಕೆಲವು ವರ್ಷಗಳಾಗಿದ್ದವು. ಅದನ್ನು ಕೆಡವುತ್ತಾರಂತೆ ಎಂಬ ಸುದ್ದಿ ಬಂದಾಗ ಅಕ್ಕ ಅಳಲಿಲ್ಲ; ಒಮ್ಮೆ ನೋಡಿ ಬರಬೇಕು ಎಂದರು. ಗೇಟಿಗೆ ಬೀಗ ಬಿದ್ದಿತ್ತು. ಆದರೆ ಅಣೆಕಟ್ಟೆಯ ಕಾಲುವೆ ಮಿಲ್ಲಿನ ಬೆನ್ನಿಗೇ ಹರಿಯುತ್ತಿತ್ತು. ಮೀನು ಹಿಡಿಯುವ ತಾತನೊಬ್ಬನನ್ನು ಅವರೇ ಹುಡುಕಿ, ತೆಪ್ಪದಲ್ಲಿ ಕರೆದೊಯ್ಯಲು ಒಪ್ಪಿಸಿದರು.

ಆಮೇಲೆ ನನ್ನ ಕೈ ಹಿಡಿದು, “ಉದ್ದನಪಲ್ಲಿಗೆ ಹೋಗಿ ಅವಳನ್ನ ಕರ್ಕೊಂಡು ಬಾರಮ್ಮ. ನಾನು ಕರೆದ್ರೆ ಬರಾಕಿಲ್ಲ,” ಎಂದರು.

ಅವಳೆಂದರೆ ಮಿಲ್ಲಿನಲ್ಲಿ ಅಕ್ಕನ ಪಕ್ಕದ ಯಂತ್ರದಲ್ಲಿದ್ದ ಗೆಳತಿ. ಒಂದೇ ಡಬ್ಬಿಯಲ್ಲಿ ಉಂಡವರು. ಮುಷ್ಕರದ ಸಮಯದಲ್ಲಿ ಗೆಳತಿ ಗೇಟಿನ ಹೊರಗೆ ಕೂತರು, ಅಕ್ಕ ಒಳಗೆ ಕೆಲಸಕ್ಕೆ ಹೋದರು. ಅಂದಿನಿಂದ ಮಾತಿಲ್ಲ. ನಾನು ಹೋದಾಗ ಆಕೆ ಹುಣಸೆಹಣ್ಣು ಬಿಡಿಸುತ್ತಿದ್ದರು. ಯಾರು ಕಳಿಸಿದ್ದೆಂದು ತಿಳಿದ ಮೇಲೂ ಮುಂದಿದ್ದ ಹಣ್ಣನ್ನೆಲ್ಲ ಬಿಡಿಸಿ ಮುಗಿಸಿದರು. ಆಮೇಲೆ ಎದ್ದು ಒಳಗೆ ಹೋದವರು ಒಳ್ಳೆಯ ಸೀರೆ ಉಟ್ಟು ಬಂದರು.

ತೆಪ್ಪ ವಾಲದಂತೆ ತಾತ ಆ ಇಬ್ಬರು ದಪ್ಪ ಹೆಂಗಸರನ್ನೂ ಎದುರುಬದುರು ಕೂರಿಸಿದ. ಮೊಣಕಾಲಿಗೆ ಮೊಣಕಾಲು ತಾಗುತ್ತಿದ್ದರೂ ಒಬ್ಬರು ಎಡದಂಡೆ ನೋಡಿದರೆ ಇನ್ನೊಬ್ಬರು ಬಲದಂಡೆ.

ರಸ್ತೆಯಿಂದ ಬರೀ ಗೇಟು, ಬೋರ್ಡು ಕಾಣುವ ಕಾರ್ಖಾನೆಗಳು ನೀರಿನ ಕಡೆಯಿಂದ ಮನೆಗಳಂತೆ ಕಂಡವು. ಪಂಪು ಕಾರ್ಖಾನೆಯ ಹಿಂದೆ ಒಣಹಾಕಿದ ಯೂನಿಫಾರ್ಮುಗಳು. ಫೌಂಡ್ರಿಯ ಗೋಡೆಗೊರಗಿ ಟೀ ಕುಡಿಯುತ್ತಿದ್ದವರು ನಮಗೆ ಕೈ ಬೀಸಿದರು. ಸೇತುವೆಯ ಕೆಳಗೆ ತಲೆ ಬಗ್ಗಿಸಿ ನುಸುಳುವಾಗ ನಾನಂತೂ ಖುಷಿಗೆ ಕೂಗಿಬಿಟ್ಟಿದ್ದೆ.

ತಿರುವಿನಲ್ಲಿ ಮಿಲ್ಲು ಕಂಡಿತು. ಗರಗಸದ ಹಲ್ಲಿನಂಥ ಛಾವಣಿ, ಎತ್ತರದ ಚಿಮಣಿ, ಅದರ ಬಿರುಕಿನಲ್ಲೊಂದು ಅರಳಿ ಗಿಡ. ಇಬ್ಬರೂ ಒಮ್ಮೆಗೇ ಒಂದೇ ಕಿಟಕಿಯತ್ತ ಕೈ ತೋರಿಸಿದರು. ಅವರು ನಿಂತು ದುಡಿದ ಜಾಗ.

ಗೆಳತಿಯೇ ಮೊದಲು ಬಾಯಿಬಿಟ್ಟರು. “ನಿನ್ ಗಂಡ ಆಗ ಆಸ್ಪತ್ರೇಲಿದ್ದ ಅಂತ ನಂಗೆ ಆಮ್ಯಾಕೆ ಗೊತ್ತಾಯ್ತು ಕಣಮ್ಮಿ.”

“ಗೊತ್ತಾದ್ಮ್ಯಾಕೆ ಯಾಕೆ ಬರ್ಲಿಲ್ಲ?” ಎಂದರು ಅಕ್ಕ.

“ನೀನೇ ಬತ್ತೀಯ ಅಂತ ಕಾದೆ.”

“ನಾನೂ ಅಂಗೇ ಕಾದ್ನಲ್ಲೇ...”

ಅಕ್ಕ ಮುಂದೆ ಬಾಗಿ ಆಕೆಯ ಕೈ ಹಿಡಿಯಹೋದರು. ತೆಪ್ಪ ಗಿರ್ರನೆ ಒಂದು ಸುತ್ತು ತಿರುಗಿತು. ಇಬ್ಬರೂ ತಬ್ಬಿಕೊಂಡು ಕೂತರು. ಅಲುಗಾಡಬೇಡಿ ಎಂದು ತಾತ ತಮಿಳಿನಲ್ಲಿ ಬೈದಷ್ಟೂ ಅವರ ನಗು ಹೆಚ್ಚಾಯಿತು. ಸೀರೆ ಒದ್ದೆ, ಬುತ್ತಿಯ ಪುಳಿಯೋಗರೆಗೂ ನೀರು. ಅದನ್ನೇ ದಂಡೆಯ ಮೇಲೆ ಕೂತು ತಿಂದು ಮುಗಿಸಿದೆವು.

ಮಿಲ್ಲು ಆ ವರ್ಷವೇ ನೆಲಸಮವಾಯಿತು. ಆದರೆ ಭಾನುವಾರ ಬಂತೆಂದರೆ ಗೆಳತಿ ಬಸ್ಸಿಳಿದು ಬರುತ್ತಿದ್ದರು. ಯಂತ್ರಗಳ ಸದ್ದಿನ ನಡುವೆ ಕೂಗಿ ಮಾತಾಡಿ ಅಭ್ಯಾಸವಾಗಿದ್ದ ಇಬ್ಬರ ದನಿ ಗೋಡೆ ದಾಟಿ ನಮ್ಮ ಮನೆಗೂ ಕೇಳುತ್ತಿತ್ತು...

ಅಕ್ಕ ತೀರಿಕೊಂಡು ಎರಡು ವರ್ಷವಾಯಿತು. ಗೆಳತಿ ಈಗಲೂ ಭಾನುವಾರ ಬರುತ್ತಾರೆ, ನಮ್ಮ ಮನೆಗೆ. ಕಿವಿ ಮಂದವಾಗಿದೆ. ಅಕ್ಕನಷ್ಟು ಗಟ್ಟಿಯಾಗಿ ಮಾತಾಡಲು ನಾನಿನ್ನೂ ಕಲಿಯುತ್ತಿದ್ದೇನೆ.