ಕೇಬಲ್ ಕೀಳುವ ಅಕ್ಕ

ಬೆಳಗಿನ ಐದೂವರೆ. ರಕ್ತನಿಧಿಯ ನೆಲಮಾಳಿಗೆಯಲ್ಲಿ ಅಕ್ಕ ಮಂಡಿಯೂರಿ ಕುಳಿತು, ಪರೀಕ್ಷೆಗೆಂದು ಇಟ್ಟ ಕಂಪ್ಯೂಟರಿನ ನೀಲಿ ಕೇಬಲನ್ನು ಕಿತ್ತು ಹಿಡಿದುಕೊಳ್ಳುತ್ತಾರೆ. ಆಸ್ಪತ್ರೆಯ ಪಾತ್ರ ವಹಿಸಿರುವ ಲ್ಯಾಪ್‌ಟಾಪ್ ಮುಂದೆ ಮ್ಯಾನೇಜರ್ ಆಕಳಿಸುತ್ತಿದ್ದಾರೆ.

ಆರು ಆಸ್ಪತ್ರೆಗಳ ಕಂಪ್ಯೂಟರುಗಳು ಇಲ್ಲಿನ ಕಂಪ್ಯೂಟರನ್ನು ದಿನಕ್ಕೆ ನೂರೆಂಬತ್ತು ಸಲ ರಕ್ತ ಕೇಳುತ್ತವೆ. ಹದಿನಾಲ್ಕು ಫ್ರಿಜ್‌ಗಳು ಹತ್ತು ಸೆಕೆಂಡಿಗೊಮ್ಮೆ ತಮ್ಮ ತಾಪಮಾನ ತಿಳಿಸುತ್ತವೆ. ಎಲ್ಲಕ್ಕೂ ಒಂದೇ ಪ್ರೋಟೊಕಾಲ್, ಯಂತ್ರಗಳು ಮಾತಾಡಿಕೊಳ್ಳುವ ಒಂದೇ ಕಟ್ಟಳೆ ಇರಲಿ ಎಂಬುದು ಮ್ಯಾನೇಜರ್ ಪಟ್ಟು: ಕಳಿಸಿಬಿಡುವುದು, ಉತ್ತರಕ್ಕೆ ಕಾಯದಿರುವುದು. ವೇಗ ಹೆಚ್ಚು. ಇಂದು ಹತ್ತು ಗಂಟೆಗೆ ತೀರ್ಮಾನ.

"ಫ್ರಿಜ್ಜಿಗೆ ಅದೇ ಸಾಕು ಸಾರ್. ಒಂದು ಮಾತು ತಪ್ಪಿದ್ರೆ ಹತ್ತೇ ಸೆಕೆಂಡಿಗೆ ಇನ್ನೊಂದು ಬರತ್ತೆ. ಆಪರೇಷನ್ ಟೇಬಲ್ ಮೇಲೆ ಮಲಗಿರೋರು ಎದ್ದು ಬಂದು ಇನ್ನೊಂದ್ಸಲ ಕೇಳ್ತಾರಾ?"

ನಲವತ್ತೆಂಟರ ಅಕ್ಕ ಇಲ್ಲಿ ಹನ್ನೊಂದು ವರ್ಷ ಫೋನ್ ಗುಮಾಸ್ತೆಯಾಗಿದ್ದವರು. "ಓ ನೆಗೆಟಿವ್, ಎರಡು ಚೀಲ, ಸರೀನಾ?" ಎಂದು ತಿರುಗಿ ಹೇಳಿ, ಆ ಕಡೆಯಿಂದ "ಸರಿ" ಬರುವವರೆಗೆ ರಿಸೀವರ್ ಇಡುತ್ತಿರಲಿಲ್ಲ. ಒಮ್ಮೆ ಆ "ಸರಿ"ಗೆ ಮೊದಲೇ ಲೈನ್ ಕಡಿಯಿತು; ಅಕ್ಕ ಎರಡು ಚೀಲ ಕಳಿಸಿಬಿಟ್ಟರು. ತಮ್ಮ ಮಾತು ತಲುಪಲಿಲ್ಲವೆಂದುಕೊಂಡ ಆಸ್ಪತ್ರೆಯವರು ಮತ್ತೆ ಕರೆ ಮಾಡಿದರು. ಬೇರೆ ಬೇಡಿಕೆಯೆಂದು ತಿಳಿದ ಅಕ್ಕ ಮತ್ತೆರಡು ಚೀಲ ಕಳಿಸಿದರು. ಸಂಜೆ ಅದೇ ರಕ್ತ ಕೇಳಿಕೊಂಡು ಒಬ್ಬ ತಂದೆ ಬಂದಾಗ ಫ್ರಿಜ್ ಬರಿದು.

"ಪಕ್ಕದೂರಿಂದ ತರ್ಸಿದ್ವಿ, ಮಗು ಉಳೀತು. ಆ ನಾಲ್ಕು ತಾಸು ಆ ಮನುಷ್ಯ ಫ್ರಿಜ್ ಮುಂದೇನೇ ನಿಂತಿದ್ರು. ಬೈದಿದ್ರೆ ಚೆನ್ನಾಗಿತ್ತು."

ಮರುದಿನದಿಂದ ಪ್ರತಿ ಬೇಡಿಕೆಗೂ ಒಂದು ಸಂಖ್ಯೆ ಕೊಡತೊಡಗಿದರು. ಆಮೇಲೆ ಸಂಜೆ ತರಗತಿ ಸೇರಿ ಪ್ರೋಗ್ರಾಮಿಂಗ್ ಕಲಿತರು. "ಮಗಳ ಪುಸ್ತಕ ಮಗಳಿಗಿಂತ ನಾನೇ ಜಾಸ್ತಿ ಓದಿದೀನಿ," ಎಂದು ನಗುತ್ತಾರೆ.

ಮ್ಯಾನೇಜರ್ ಗುಂಡಿ ಒತ್ತುತ್ತಾರೆ. ವೇಗದ ವಿಧಾನದಲ್ಲಿ ಪರದೆಯ ಮೇಲೆ ಹಸಿರು ಅಕ್ಷರ: "ಕಳಿಸಲಾಗಿದೆ".

"ಎಲ್ಲಿಗೆ ಸಾರ್?" ಅಕ್ಕ ಕೇಬಲ್ಲಿನ ತುದಿ ಎತ್ತಿ ತೋರಿಸುತ್ತಾರೆ. "ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು."

ಅಕ್ಕ ಬರೆದ, ಈಗ ಬಳಕೆಯಲ್ಲಿರುವ, ಉತ್ತರಕ್ಕೆ ಕಾಯುವ ವಿಧಾನ ಸುಳ್ಳಾಡುವುದಿಲ್ಲ: "ತಲುಪಿಲ್ಲ. ಮತ್ತೆ ಪ್ರಯತ್ನಿಸುತ್ತಿದೆ." ಅಕ್ಕ ಕೇಬಲ್ ಸಿಕ್ಕಿಸುತ್ತಾರೆ. "ತಲುಪಿದೆ." ಲ್ಯಾಪ್‌ಟಾಪ್ ನಾಲ್ಕು ಸಲ ಕೇಳಿದರೂ ಸಂಖ್ಯೆ ಒಂದೇ, ಪಟ್ಟಿಯಲ್ಲಿ ಬೇಡಿಕೆಯೂ ಒಂದೇ.

"ಇದು ನಿಧಾನ ಅಲ್ವೇನಮ್ಮಾ?"

"ಎಷ್ಟು?"

"ಅರ್ಧ ಸೆಕೆಂಡ್."

"ಅಷ್ಟು ನಾವು ಕಾಯೋಣ ಬಿಡಿ."

ಮ್ಯಾನೇಜರ್ ಕಾಗದದ ಮೇಲೆ ಬರೆಯುತ್ತಾರೆ: ಫ್ರಿಜ್‌ಗಳಿಗೆ ವೇಗದ್ದು, ರಕ್ತಕ್ಕೆ ಕಾಯುವುದು.

ಅಕ್ಕ ಮಹಡಿ ಹತ್ತುತ್ತಾರೆ. ಅವರ ಹಳೆಯ ಮೇಜಿನ ಮೇಲೆ ಅದೇ ಫೋನಿದೆ. "ನಮ್ಮ ಬೇಡಿಕೆ ತಲುಪಿತಾ?" ಎಂದು ಅನುಮಾನ ಬಂದಾಗ ಆಸ್ಪತ್ರೆಯವರು ಕೇಳುವುದು ಅದರಲ್ಲೇ.

"ಈಗ ಯಾರೂ ಕೇಳಲ್ಲ. ಮೇಲೆ ಧೂಳು ಕೂತಿದೆ ನೋಡಿ," ಎನ್ನುತ್ತಾರೆ. "ಬೇಕಂತಾನೇ ಒರೆಸಿಲ್ಲ."