ಫಾರಂನಲ್ಲಿ ನಾನು ಬರೆದ ‘ಇಲ್ಲ’

ಪ್ಯಾಂಟ್ರಿಯಲ್ಲಿ ಏಲಕ್ಕಿ ಹುಡುಕುವಾಗ ಹಿಂದೆ ಸರಿದಿದ್ದ ಗಾಜಿನ ಬಾಟಲಿಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಒಣಗಿದ ಸೇವಂತಿಗೆಯ ವಾಸನೆ, ಹಬ್ಬದ ಮರುದಿನದ ದೇವರಮನೆಯಂತೆ... ಆದರೆ ಇದು ಟೀಗೆ ಹಾಕುವ ಹೂವು. ಕಣ್ಣಿಗೆ ಒಳ್ಳೆಯದೆಂದು ಅಮೆರಿಕದ ಮಾರಿಸ್‌ಟೌನಿನ ಟೈಲರ್ ಆಂಟಿ ಕೊಟ್ಟದ್ದು.

ಆಂಟಿ ಚೀನಾದವರು. ಸ್ಟೇಷನ್ ಹತ್ತಿರ ಬಟ್ಟೆ ಆಲ್ಟರ್ ಮಾಡುವ ಪುಟ್ಟ ಅಂಗಡಿ. ನನ್ನ ಬ್ಲೌಸನ್ನು ಮೊದಲ ಸಲ ತಿರುಗಿಸಿ ನೋಡಿ, “ಇದಕ್ಕೆ ಬಾಗಿಲು ಯಾವ ಕಡೆ?” ಎಂದು ಕೇಳಿದ್ದರು. ಸೂಜಿಗೆ ದಾರ ನನಗಿಂತ ಬೇಗ ಪೋಣಿಸುತ್ತಿದ್ದರು. ಪಕ್ಕದಲ್ಲೇ ಇದ್ದ ಕತ್ತರಿಗೆ ಮಾತ್ರ ಮೇಜೆಲ್ಲ ತಡಕಾಡುತ್ತಿದ್ದರು. ದೃಷ್ಟಿ ಅಂಚಿನಿಂದ ಕತ್ತಲಾಗುತ್ತ ಬರುವ ಕಾಯಿಲೆ, ವಂಶದಲ್ಲಿ ಬಂದಿರಬೇಕು ಎಂದರು ಡಾಕ್ಟರು. ಜೀನ್ ಟೆಸ್ಟ್ ಮಾಡಿಸಿದರೆ ಮಗಳಿಗೂ ಬರುತ್ತದೆಯೇ ಎಂದು ಹೇಳಬಹುದಂತೆ. ಆಂಟಿಗೆ ಬೇಕಾಗಿದ್ದದ್ದು ಅದೊಂದೇ ಉತ್ತರ.

ಕಾನ್ವೆಂಟ್ ಇಂಗ್ಲಿಷಿನ ನಾನು ಫಾರಂ ತುಂಬಲು ಕೂತೆ. ‘ಕುಟುಂಬದಲ್ಲಿ ಬೇರೆ ಯಾರಿಗಾದರೂ ಈ ತೊಂದರೆ ಇದೆಯೇ?’ ಎಂದಿತ್ತು ಒಂದು ಪ್ರಶ್ನೆ.

ಆಂಟಿ ಸೂಜಿ ಕೆಳಗಿಟ್ಟರು. “ಊರಲ್ಲಿ ಅಣ್ಣ ಇದಾನೆ. ಕತ್ತಲಾದ್ರೆ ಹೆಂಡತಿ ಕೈ ಹಿಡ್ಕೊಂಡೇ ನಡೀತಾನೆ. ಪ್ರೀತಿ ಜಾಸ್ತಿ ಅಂತ ಊರೋರು ನಗ್ತಾರೆ... ಇಲ್ಲ ಅಂತ ಬರಿ. ಮಗಳ ಮದುವೆ ಮಾತು ನಡೀತಿದೆ.”

ನನಗದು ವಿಚಿತ್ರ ಅನ್ನಿಸಲೇ ಇಲ್ಲ. ಈಗ ಸಿಟ್ಟು ಬರುವುದು ಅದಕ್ಕೇ. ನಮ್ಮ ಮನೆಯಲ್ಲೂ ಹೆಣ್ಣು ನೋಡಲು ಬಂದವರ ಮುಂದೆ ಅತ್ತೆಯ ಮೂರ್ಛೆರೋಗದ ಮಾತು ಯಾರೂ ಎತ್ತುತ್ತಿರಲಿಲ್ಲ. ಸಿಸ್ಟರ್ ಕಲಿಸಿದ ದುಂಡನೆಯ ಅಕ್ಷರದಲ್ಲಿ ‘ಇಲ್ಲ’ ಎಂದು ಬರೆದೆ.

ರಿಪೋರ್ಟನ್ನೂ ನಾನೇ ಓದಿ ಹೇಳಿದೆ. ಒಂದು ಜೀನಿನಲ್ಲಿ ಬದಲಾವಣೆ ಕಂಡಿದೆ. ಕಾಯಿಲೆಗೆ ಅದೇ ಕಾರಣವೋ ಅಲ್ಲವೋ, ಖಚಿತವಿಲ್ಲ. ಹೋಲಿಸಿ ನೋಡಲು ಚೀನೀ ಕುಟುಂಬಗಳ ಮಾಹಿತಿ ತಮ್ಮಲ್ಲಿ ಕಡಿಮೆ, ಇದೇ ಕಾಯಿಲೆಯ ಒಡಹುಟ್ಟಿದವರು ಇದ್ದಿದ್ದರೆ ಅವರ ರಕ್ತದಿಂದ ತಿಳಿಯಬಹುದಿತ್ತು ಎಂದಳು ಫೋನಿನಲ್ಲಿ ಲ್ಯಾಬಿನ ಕೌನ್ಸೆಲರ್. ಎಷ್ಟು ನಯವಾಗಿ ಹೇಳಿದಳು! ನಾನು ಆಂಟಿಯ ಮುಖ ನೋಡಿದೆ. ಅವರು ನನ್ನ ಸೀರೆಗೆ ಫಾಲ್ ಹೊಲಿಯುತ್ತಲೇ ಇದ್ದರು.

“ಮದುವೆ ಆಗ್ಲಿ. ಆಮೇಲೆ ಹೇಳೋಣ.”

ಮದುವೆಯಾಯಿತು. ಅಷ್ಟರಲ್ಲಿ ಊರಲ್ಲಿ ಅಣ್ಣ ತೀರಿಕೊಂಡರು. ಇನ್ನು ಹೇಳಿ ಏನು ಪ್ರಯೋಜನ ಎಂದು ಇಬ್ಬರೂ ಸುಮ್ಮನಾದೆವು. ಹೋದ ವರ್ಷ ಆಂಟಿಯೂ ಹೋದರು. ಆ ಅಂಗಡಿಯಲ್ಲೀಗ ಬಬಲ್ ಟೀ ಮಾರುತ್ತಾರೆ.

ಕಳೆದ ವಾರ ಅವರ ಮಗಳು ಫೋನ್ ಮಾಡಿದ್ದಳು. ಅವಳೀಗ ಬಸುರಿ. ಅಮ್ಮನ ಕಾಗದಗಳಲ್ಲಿ ರಿಪೋರ್ಟಿನ ಜೊತೆ ಆ ಫಾರಂ ಸಿಕ್ಕಿದೆ. “ಆಂಟಿ, ಇದು ನಿಮ್ಮ ಹ್ಯಾಂಡ್‌ರೈಟಿಂಗ್ ಅಲ್ವಾ? ನಮ್ಮನೇಲಿ ಬೇರೆ ಯಾರಿಗೂ ಇರ್ಲಿಲ್ಲ ತಾನೆ?”

“ಇತ್ತು. ನಿನ್ನ ಸೋದರಮಾವನಿಗೆ.”

ಅವಳು ಮೆಲ್ಲಗೆ ಕೇಳಿದಳು, “ಈಗ ಯಾರನ್ನ ಟೆಸ್ಟ್ ಮಾಡ್ಸಲಿ, ಆಂಟಿ?”

ಬಾಟಲಿಯ ತಳದಲ್ಲಿ ನಾಲ್ಕೈದು ಹೂವು ಉಳಿದಿವೆ. ಬಿಸಿನೀರಿಗೆ ಹಾಕಲು ಕೈ ಬರಲಿಲ್ಲ. ನನ್ನ ಕಣ್ಣು ಅಂದೂ ಚೆನ್ನಾಗಿಯೇ ಇತ್ತು... ಆ ಪ್ರಶ್ನೆಯನ್ನು ಸರಿಯಾಗಿ ಓದಿಯೇ ಬರೆದಿದ್ದೆ.