ಬೀದಿಗೆ ಬೆನ್ನು

ಹೊಸ ಕಂಬಳಿಯ ವಾಸನೆ ಬಂದರೆ ಇಂದಿಗೂ ಅವಳು ನೆನಪಾಗುತ್ತಾಳೆ. ಮದರಾಸು ಸರ್ಕಾರದ ದಿನಗಳಲ್ಲಿ ರಾಯದುರ್ಗದ ನಮ್ಮ ಪಕ್ಕದ ಮನೆಯಲ್ಲಿ ಕಂಬಳಿ ನೇಯುತ್ತಿದ್ದವಳು. ಹೊಡೆಯುವ ಗಂಡನನ್ನು ಕಣೇಕಲ್ಲಿನಲ್ಲಿ ಬಿಟ್ಟು ತವರಿಗೆ ಬಂದಿದ್ದಳು. ಕೂತರೆ ಗೋಡೆಗೆ ಬೆನ್ನು, ಬಾಗಿಲಿಗೆ ಮುಖ.

ನೇಯುವ ಮೊದಲು ಉಣ್ಣೆಯ ಎಳೆಗಳನ್ನು ಹೊರಗೆ ಉದ್ದಕ್ಕೆ ಬಿಗಿದು, ಗಟ್ಟಿಯಾಗಲೆಂದು ಹುಣಸೆಬೀಜದ ಗಂಜಿ ಹಚ್ಚುವಾಗ ಬೀದಿಗೆ ಬೆನ್ನು ಹಾಕಬೇಕು. ಆ ಕೆಲಸವನ್ನು ಬಹಳ ದಿನ ತಾಯಿಗೇ ಬಿಟ್ಟಿದ್ದಳು. ಆಮೇಲಾಮೇಲೆ ತಾನೇ ಕುಂಚ ಹಿಡಿಯತೊಡಗಿದಳು. ಯಾರು ಕರೆದರೂ ತಿರುಗದೆ, "ತಡೀರಿ, ಗಂಜಿ ಆರ್ತೈತಿ" ಎನ್ನುವಳು.

ಒಂದು ಬೆಳಿಗ್ಗೆ, ನಾನು ನಮ್ಮ ಜಗಲಿಯ ಮೇಲೆ ಕೂತಿದ್ದಾಗ, ಗಂಡ ಬಂದು ಅವಳ ಹಿಂದೆಯೇ ನಿಂತ.

"ಮನಿಗೆ ನಡಿ."

ಅವಳ ಕೈ ಒಂದು ಗಳಿಗೆ ನಿಂತು ಮತ್ತೆ ಆಡಿತು.

"ನಾ ಬರಂಗಿಲ್ರಿ. ಅತ್ತಾಗ ಸರೀರಿ, ಗಂಜಿ ಆರ್ತೈತಿ."

ಅವನು ಯಾವಾಗ ಹೋದನೆಂದು, ಕುಂಚ ತೊಳೆಯುವಾಗ, ಅವಳು ನನ್ನನ್ನೇ ಕೇಳಿದಳು.